ಆಯಿಯ ಬಾವಿ ನೀರು

ಅಯ್ಯ, ಬಾಯಿಗೆ ಹಾಕಬ್ಯಾಡ ಆಯಿ! ಅದು ನೀ ಹಲ್ಲಿಗೆ ಹಚ್ಚೂ ತಂಬಾಕದ ಮಿಶ್ರಿ ಅಲ್ಲ! ಇಡು. ಅಲ್ಲೇ ಇಡು. ನಾ ಕಾಲೇಜಿನ್ಯಾಗ ಮಾಡಿದ ಪುಡಿ ಅದು... ಯಾಕ ನಗತಿ?

ಇದ್ದಲಿ. ಹೌದು, ಇದ್ದಲೀನ! ರಸ ಹಿಂಡಿದ ಕಬ್ಬಿನ ಸಿಪ್ಪಿ ಸುಟ್ಟು, ಕಬ್ಬಿಣದ ಅಂಶ ಕೂಡಿಸಿ ಮಾಡೇನಿ. ಇಷ್ಟು ಓದಿ ಇದ್ದಲಿ ಸುಡೂದು ಕಲ್ತಿ ಅಂತೀ? ಅನ್ನು, ಅನ್ನು. ಮೊಮ್ಮಗಳು ಮಾಯಾ ಭಾರಿ ಶಾಣ್ಯಾ ಅಂತ ನಿಪ್ಪಾಣಿ ತುಂಬ ಹೇಳಿ ಬಂದಾಕಿ ನೀನ!

ಕೇಳಿಲ್ಲೆ. ನಿನ್ನ ಬಾವಿ ಬಾಜೂಕ ಗುಜರಿಯವರು ಹಳೇ ಟಿವಿ ಒಡದು ಒಗದಾರಲ್ಲ? ಆ ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತಬಾರದಂತ ಒಂದು ರಾಸಾಯನಿಕ ಕೂಡಿಸಿರತಾರ. ಅದು ಮಳಿನೀರಿನ ಜೋಡಿ ಬಾವಿಗೆ ಇಳದೈತಿ. ಕಣ್ಣಿಗೆ ಕಾಣಂಗಿಲ್ಲ, ಕುದಿಸಿದ್ರೂ ಹೋಗಂಗಿಲ್ಲ. ಅದಕ್ಕ ಬಾವಿಗೆ ಮುಚ್ಚಳ ಹಾಕಿಸಿದೆ. ಅವತ್ತಿಂದ ಬೈಯಾಕತ್ತಿ... ಈಗರ ನೋಡು!

ಈ ಗ್ಲಾಸಿನ ಬಾವಿ ನೀರಿಗೆ ಪುಡಿ ಹಾಕಿದೆ. ಕಲಸಿದೆ. ನೀರು ಕರ್ರಗಾತು... ತಡಿ, ತಡಿ! ವಿಷ ಪುಡಿಗೆ ಅಂಟಬೇಕು. ಹಾಂ. ಈಗ ಗಾಜಿನ ಹೊರಗಿಂದ ಮ್ಯಾಗ್ನೆಟ್ ಹಿಡೀತೇನಿ... ನೋಡ, ನೋಡ! ಕುರಿ ಹಟ್ಟಿಗೆ ಬಂದಂಗ ಬಂತಿಲ್ಲ ಪುಡಿ ಎಲ್ಲಾ ಒಂದ ಕಡೆ! ನೀರು ತಿಳಿ! ಚಪ್ಪಾಳಿ ಹೊಡಿ ಆಯಿ!

ಏ, ಕುಡಿಯಾಕ ಇನ್ನೂ ಬ್ಯಾಡ. ಪರೀಕ್ಷಾ ಮಾಡೂವರು ಹೂಂ ಅನ್ಲಿ. ಮೊದಲಿನ ಮ್ಯಾಗ್ನೆಟ್ಟಿಗೆ ಜೋರ ಇರಲಿಲ್ಲ, ಪುಡಿ ನೀರಾಗ ಉಳೀತಿತ್ತು. ವಿಷ ತಗಿಯಾಕ ಹೋಗಿ ಮಸಿ ಕುಡಿಸ್ತಿ ಏನ್ ಅಂತ ಸರ್ ನಕ್ಕಿದ್ರು. ಇದು ಗಟ್ಟಿ ಐತಿ.

ಎಲ್ಲಿಂದು? ಅದು... ಮಿರಜದ್ದು. ಪ್ಯಾಟ್ಯಾಗ ಸಿಕ್ಕಿತು. ಅದರದೇನ್ ಬಿಡು.

ಕೊಡು ಇಲ್ಲೆ. ಯಾಕ ಹೊಳ್ಳಿಸಿ ಹೊಳ್ಳಿಸಿ ನೋಡ್ತಿ? ದುಂಡಗ ಐತಿ, ನಡುಕ ತೂತು... ಎಲ್ಲಾ ಹಂಗ ಇರತಾವ. ಆಯಿ? ಮುಂದಿನ ವಾರ ಮುಚ್ಚಳ ತಗಸೂಣಂತ. ಹಗ್ಗ ಹೊಸಾದು ತರೂಣು. ಬೈಯೂದಿದ್ರ ಬೈದುಬಿಡು...

ಆಯಿ, ಅದನ್ನ ಕಿವಿಗೆ ಯಾಕ ಹಿಡಕೊಂಡಿ?

...ಅಜ್ಜ ಬಿಚ್ಚಿ ಬಿಚ್ಚಿ ರಿಪೇರಿ ಮಾಡ್ತಿದ್ದ ರೇಡಿಯೋ ಅವ ಹೋದ ಮ್ಯಾಲೆ ಹಾಡೇ ಇಲ್ಲಲ್ಲ... ಅದಕ್ಕ ನಾ ಅದರ ಸ್ಪೀಕರಿನ ಮ್ಯಾಗ್ನೆಟ್ ಬಿಚ್ಚಿ... ನೀ ದಿನಾ ಒರಸೂ ಡಬ್ಬಿ ಹಂಗ ಐತಿ, ಆಯಿ. ಒಳಗಷ್ಟ... ಒಳಗಷ್ಟ ಏನೂ ಇಲ್ಲ.