ಮೂರು ಗಂಟೆಯ ಆಟ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಗುರುತಿಲ್ಲದ ಇಬ್ಬರು ಹೆಂಗಸರು, ಅತ್ತಿಗೆ ಮತ್ತು ನಾದಿನಿ, ಕೂತಿದ್ದರು.

"ಲ್ಯಾಪ್‌ಟಾಪ್ ಸರಿಹೋಯ್ತಾ ಅತ್ತಿಗೆ?"

"ಹೂಂ. ಅದರ ಡ್ರೈವರ್ ಸಾಫ್ಟ್‌ವೇರ್ ಅಪ್‌ಡೇಟ್ ಆದ್ಮೇಲೇ ವೈಫೈ ನಿಧಾನ ಆಗಿದ್ದಂತೆ. ರಿಪೇರಿಯವರು ಹಳೇ ಡ್ರೈವರನ್ನೇ ಹಾಕಿಕೊಟ್ರು. ಈಗ ಮೊದಲಿನ ಹಾಗೇ ಓಡ್ತಿದೆ."

"ಅಂದ್ರೆ ಅಪ್ಪ ಮೊಬೈಲಲ್ಲಿ ಚೆಸ್ ಆಡಿದ್ದಕ್ಕೆ ನಿಧಾನ ಆಗಿದ್ದಲ್ಲ."

"ಅಲ್ಲ ಕಣೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು. ಮಾವನಿಗೆ ಹೇಳದೆ ವೈಫೈ ಪಾಸ್‌ವರ್ಡೇ ಬದಲಾಯಿಸಿಬಿಟ್ಟಿದ್ದೆ."

"ನೀವು ಅಪ್ಪನಿಗೆ ತಪ್ಪಾಯ್ತು ಅಂದ್ರಾ?"

"ಬೆಳಿಗ್ಗೆ ಅಂದೆ. ಹೊಸ ಪಾಸ್‌ವರ್ಡೂ ಬರೆದುಕೊಟ್ಟೆ. ಇನ್ನು ಆಟ ಬೇಡಮ್ಮ, ಆಸೆ ಹೋಯ್ತು ಅಂದ್ರು. ಆಗಿನಿಂದ ನಂಗೆ ಸಮಾಧಾನವೇ ಇಲ್ಲ."

ಒಳಗಿನಿಂದ ಹಿರಿಯರೊಬ್ಬರು ಕೆನ್ನೆ ಹಿಡಿದುಕೊಂಡು ಬಂದರು. ಮರಗಟ್ಟಿದ ಬಾಯಲ್ಲೇ ಅವರಿಬ್ಬರಿಗೆ ಹೇಳಿದರು:

"ಬೇಗ ನಡೀರಮ್ಮ. ಮೂರು ಗಂಟೆಗೆ ಮೊಬೈಲಲ್ಲಿ ಆಟ ಇಟ್ಕೊಂಡಿದೀನಿ."

ಅತ್ತಿಗೆ ಅವರ ಕೈಚೀಲ ಎತ್ತಿಕೊಂಡು, ಎಲ್ಲರಿಗಿಂತ ಮೊದಲು ಹೋಗಿ ಬಾಗಿಲು ತೆಗೆದು ಹಿಡಿದರು.