ಬಿಳೀ ಟೈಲ್ಸಿನ ಮೇಲೆ ಪೆನ್ನು

ಹಿಂದೂಪುರದ ಬಸ್ ನಿಲ್ದಾಣದಲ್ಲಿ ನಾರಪ್ಪ ಗೋರಂಟ್ಲದ ಬಸ್ಸಿಗೆ ಕಾಯುತ್ತ ಕೂತು ಒಂದು ಯುಗವೇ ಆಗಿತ್ತು, ಅಂದರೆ ಹತ್ತು ನಿಮಿಷ. ಇರುವೆ ಕೆಮ್ಮಿದರೂ ಕೇಳಿಸಿಕೊಳ್ಳುವ ಅವನ ಕಿವಿ ಪಕ್ಕದ ಬೆಂಚಿನತ್ತ ತಿರುಗಿತು. ಅಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ರಾಮಕ್ಕ, ಜೊತೆಗೆ ಇಂಟರ್ ಓದುವ ಮೊಮ್ಮಗಳು ಕಲ್ಪನಾ. ಹುಡುಗಿಯ ತೊಡೆ ಮೇಲಿದ್ದ ಗೈಡು ಲಾರಿ ಚಕ್ರಕ್ಕೆ ಅಡ್ಡ ಇಡುವಷ್ಟು ದಪ್ಪ.

“ಮಧ್ಯಾಹ್ನ ಎರಡಕ್ಕೆ ಕಲ್ಯಾಣದುರ್ಗದಾಗೆ ಕೆಮಿಸ್ಟ್ರಿ ಪ್ರಾಕ್ಟಿಕಲ್ಲು. ಫೇಲಾಯ್ತೀನಿ ಕಣಜ್ಜಿ.”

“ಗೈಡೆಲ್ಲ ಬಾಯಿಪಾಠ ಅಂದ್ಯಲ್ಲೇ?”

“ಬಾಯಿಪಾಠನೇ. ಆದ್ರೆ ಗಾಜಿನ ಬುಡ್ಡಿಗೆ ಸೊಲ್ಯೂಷನ್ನು ಹನಿಹನಿಯಾಗಿ ಬಿಡ್ಬೇಕು, ತಿಳಿ ಗುಲಾಬಿ ಬಂದ ತಕ್ಷಣ ನಿಲ್ಲಿಸ್ಬೇಕು. ನಂಗೆ ಕಾಣೋ ಹೊತ್ಗೆ ದಾಸವಾಳ ಆಗ್ಬುಟ್ಟಿರ್ತದೆ. ಕಾಲೇಜ್ನಾಗೆ ಮೂರು ಸಲವೂ ಹಂಗೇ ಆಯ್ತು.”

“ಗಾಜಿನ ಕೆಳಗೆ ಏನಿಟ್ಟಿದ್ದೆ?”

“ಏನೂ ಇಲ್ಲ. ಕರೀ ಮೇಜು.”

“ಅಯ್ಯೋ ದೇವುಡಾ! ಕರೀದರ ಮೇಲೆ ತಿಳಿಬಣ್ಣ ಯಾರಿಗೆ ಕಂಡೀತೇ? ನಾನು ನೂಲಿನ ಎಳೆನ ಬಿಳೀ ಪಂಚೆ ಮೇಲಿಟ್ಟೇ ನೋಡೋದು. ಅಲ್ಲಿ ಬಿಳೀದು ಏನೂ ಇಲ್ವಾ?”

“ಒಂದು ಬಿಳೀ ಟೈಲ್ಸ್ ಕೊಡ್ತಾರೆ.”

“ಅದನ್ನೇನು ಮಾಡ್ದೆ?”

“ಪೆನ್ನಿಟ್ಕಂಡಿದ್ದೆ.”

ನಾರಪ್ಪ ನಗು ತಡೆದುಕೊಂಡ. ತಡೆಯದಿದ್ದರೆ ನಿಲ್ದಾಣದ ಚಾವಣಿ ಹಾರಿಹೋಗುತ್ತಿತ್ತು.

ಕಲ್ಯಾಣದುರ್ಗದ ಬಸ್ ಬಂತು. ಕಲ್ಪನಾ ಗೈಡನ್ನು ಅಜ್ಜಿಯ ಕೈಗೆ ತುರುಕಿ ಹತ್ತಿದವಳು, ಕಿಟಕಿಯಿಂದ ಕತ್ತು ಹೊರಗೆ ಹಾಕಿದಳು.

“ಅಜ್ಜೀ, ಲೈಟಿನ ಬೆಳಕ್ನಾಗೆ ಬಣ್ಣ ಬ್ಯಾರೆ ಕಾಣ್ತದಾ?”

ಹೊರಟ ಬಸ್ಸಿನ ಜೊತೆಜೊತೆಗೇ ರಾಮಕ್ಕ ಓಡಿದಳು.

“ಕಾಣ್ತದೆ ಕಣೇ! ಕಿಟಕಿ ತಾವ ನಿಂತ್ಕ!”