ಒಂದೂವರೆ, ಹದಿನೈದು

ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು ಈಗಲೇ ಕೈಗಡಿಯಾರ ನೋಡುತ್ತಿರುವ ನಮ್ಮ ಗೆಳೆಯ ಪ್ರೆಬೆನ್ ಅವರೇ, ಈ ಸಭಾಂಗಣವನ್ನು ನಮಗೆ ಬಿಟ್ಟುಕೊಟ್ಟ ಗ್ರಂಥಾಲಯದ ಮುಖ್ಯಸ್ಥೆ ಲಿಸ್ಬೆತ್ ಅವರೇ, ಒಂಬತ್ತು ವರ್ಷಗಳಿಂದ ಬರೀ ಅಡ್ಡಹೆಸರುಗಳಲ್ಲಿ ಪರಿಚಯವಿದ್ದು ಇವತ್ತು ಮೂಗು, ಬಾಯಿ, ಕನ್ನಡಕ ಸಮೇತ ಎದುರಿಗೆ ಕುಳಿತಿರುವ ಸಭಿಕರೇ,

ಈಗಷ್ಟೇ ಓದಿದ ಮಾನಪತ್ರದಲ್ಲಿ ‘ಧೈರ್ಯ’ ಎಂಬ ಮಾತು ಮೂರು ಸಲ ಬಂತು. ನಾನು ಎಣಿಸಿದೆ. ವಿಬೆಕೆ ಧೈರ್ಯದಿಂದ ತಪ್ಪು ಒಪ್ಪಿಕೊಂಡಳು, ಧೈರ್ಯದಿಂದ ಹುಡುಕಿದಳು, ಧೈರ್ಯದಿಂದ ಗುಂಪನ್ನು ಉಳಿಸಿದಳು ಎಂದು ನನ್ನ ಬಗ್ಗೆ ಬರೆದಿದ್ದಾರೆ. ಬರೆದವರು ಆ ದಿನ ನನ್ನ ಅಡುಗೆಮನೆಯಲ್ಲಿ ಇರಲಿಲ್ಲ. ಇದ್ದಿದ್ದರೆ ಬೇರೆ ಪದ ಹುಡುಕುತ್ತಿದ್ದರು.

ಲಿಸ್ಬೆತ್ ಅವರಿಗೆ ನಮ್ಮ ವಿಷಯ ಹೊಸದು. ಅವರಿಗಾಗಿ ಎರಡು ಮಾತು. ನಾವು ಸಕ್ಕರೆ ಕಾಯಿಲೆಯವರು, ಇಲ್ಲವೇ ಅಂಥ ಮಕ್ಕಳ ತಂದೆತಾಯಿಗಳು. ತೋಳಿಗೆ ಅಂಟಿಸಿದ ಒಂದು ಬಿಲ್ಲೆ ರಕ್ತದ ಸಕ್ಕರೆಯನ್ನು ಅಳೆದು ಫೋನಿಗೆ ಹೇಳುತ್ತದೆ. ಸೊಂಟದಲ್ಲಿರುವ ಪಂಪಿಗೆ ಎಷ್ಟು ಇನ್ಸುಲಿನ್ ಬಿಡಬೇಕೆಂದು ಫೋನು ಹೇಳುತ್ತದೆ. ಕಂಪನಿಗಳು ಇವೆರಡನ್ನೂ ಜೋಡಿಸಿಕೊಡುವವರೆಗೆ ಕಾಯಲಾರದೆ ನಾವೇ ಜೋಡಿಸಿಕೊಂಡೆವು. ಹೇಗೆ ಜೋಡಿಸುವುದು ಎಂದು ಒಬ್ಬರಿಗೊಬ್ಬರು ಹೇಳಿಕೊಡಲು ಪ್ರೆಬೆನ್ ‘ಬೆರಳ ತುದಿ’ ಎಂಬ ಈ ವೇದಿಕೆಯನ್ನು ಇಂಟರ್‌ನೆಟ್ಟಿನಲ್ಲಿ ಶುರು ಮಾಡಿದರು. ಅಲ್ಲಿ ನಾವು ಮಾಡದ ಜಗಳವಿಲ್ಲ. ಯಾವ ಅಂಟು ಬೆವರಿಗೆ ಬಿಟ್ಟುಕೊಳ್ಳುವುದಿಲ್ಲ ಎಂಬ ಒಂದೇ ಪ್ರಶ್ನೆಗೆ ನೂರ ನಲವತ್ತು ಉತ್ತರಗಳಿವೆ. ಒಂದು ಬ್ಯಾಟರಿ ಚಳಿಯಲ್ಲಿ ಎಷ್ಟು ಹೊತ್ತು ಬಾಳುತ್ತದೆ ಎಂದು ತೋರಿಸಲು ಯಾವುದೋ ಪೋಲಿಷ್ ರೇಡಿಯೋ ಸಂಘದ ಹಳೆಯ ಪುಟದ ಲಿಂಕು ಹಾಕಿದವರಿದ್ದಾರೆ. ಅದನ್ನು ಪೂರ್ತಿ ಓದಿದವರೂ ಇದ್ದಾರೆ. ನಾನೇ ಓದಿದ್ದೇನೆ.

ನಾನು ಬಂದರಿನಲ್ಲಿ ಹಡಗುಗಳ ಆಳಮಾಪಕ, ದಿಕ್ಸೂಚಿ ರಿಪೇರಿ ಮಾಡುವವಳು. ಮಗಳು ಸಿಗ್ನೆಗೆ ನಾಲ್ಕು ವರ್ಷವಿದ್ದಾಗ ಕಾಯಿಲೆ ಗೊತ್ತಾಯಿತು. ಪ್ರೋಗ್ರಾಂ ಬರೆಯುವುದನ್ನು ನಿಮ್ಮಿಂದಲೇ ಕಲಿತೆ. ನಾಲ್ಕು ಜನ ಮೆಚ್ಚಿದ ಮೇಲೆ ನನಗೆ ಸೊಕ್ಕು ಬಂತು. ಇದು ಮಾನಪತ್ರದಲ್ಲಿಲ್ಲ, ನಾನು ಸೇರಿಸುತ್ತಿದ್ದೇನೆ.

ಎರಡು ವರ್ಷದ ಹಿಂದೆ ನವೆಂಬರಿನಲ್ಲಿ ಇನ್ಸುಲಿನ್ ಲೆಕ್ಕ ಹಾಕುವ ಭಾಗವನ್ನು ನಾನು ತಿದ್ದಿ ಬರೆದೆ. ಮೂರು ವಾರ ಸಿಗ್ನೆಯ ಮೇಲೇ ನಡೆಸಿ ನೋಡಿದೆ. ಗಡಿಯಾರದಂತೆ ನಡೆಯಿತು. ಒಂದು ಶನಿವಾರ ಮಧ್ಯಾಹ್ನ ಅದರ ಲಿಂಕನ್ನು ವೇದಿಕೆಯಲ್ಲಿ ಹಾಕಿ, ಕೆಳಗೆ ‘ನಿಶ್ಚಿಂತೆಯಿಂದ ಬಳಸಿ’ ಎಂದು ಬರೆದೆ.

ಮಾರನೆಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬನ್ನಿಗೆ ಬೆಣ್ಣೆ ಸವರುತ್ತಿದ್ದೆ. ಓಡೆನ್ಸೆಯ ಯುಟ್ಟೆ, ಅದೋ ಎರಡನೆಯ ಸಾಲಿನಲ್ಲಿದ್ದಾರೆ, ಒಂದು ಪ್ರಶ್ನೆ ಹಾಕಿದ್ದರು. ಮಗನಿಗೆ ಒಂದೂವರೆ ಯೂನಿಟ್ ಬೇಕು, ಪರದೆ ಹದಿನೈದು ಎನ್ನುತ್ತಿದೆ, ಬರೀ ತೋರಿಸುವುದರಲ್ಲಿ ತಪ್ಪೇ ಎಂದು. ಜೊತೆಗೊಂದು ನಗುವ ಮುಖ.

ಅದು ತೋರಿಸುವುದರಲ್ಲಿ ಆದ ತಪ್ಪಲ್ಲ. ಓದಿದ ಕ್ಷಣವೇ ನನಗೆ ಗೊತ್ತಾಯಿತು. ನಾನು ಒಂದೂವರೆಯನ್ನು ಇಂಗ್ಲಿಷಿನವರಂತೆ ಒಂದು, ಚುಕ್ಕೆ, ಐದು ಎಂದು ಬರೆದಿದ್ದೆ. ನಮ್ಮ ಡೇನಿಷ್ ಬರವಣಿಗೆಯಲ್ಲಿ ಆ ಜಾಗದಲ್ಲಿ ಅಲ್ಪವಿರಾಮ ಬರುತ್ತದೆ. ಚುಕ್ಕೆಯನ್ನು ನಾವು ಸಾವಿರಗಳನ್ನು ಬೇರೆ ಮಾಡಲಷ್ಟೇ ಬಳಸುತ್ತೇವೆ. ಹಾಗಾಗಿ ಡೇನಿಷಿನಲ್ಲಿಟ್ಟ ಫೋನು ಚುಕ್ಕೆಗೆ ಬೆಲೆ ಕೊಡದೆ ಹದಿನೈದು ಎಂದೇ ಓದುತ್ತದೆ. ಹತ್ತು ಪಟ್ಟು. ಅಷ್ಟು ಇನ್ಸುಲಿನ್ ಒಳಹೋದರೆ ರಕ್ತದ ಸಕ್ಕರೆ ಕುಸಿದು ಮಗುವಿನ ಜೀವ ಹೋಗಲು ಒಂದು ಗಂಟೆ ಸಾಕು. ಯುಟ್ಟೆ ತಮ್ಮ ಫೋನಿನಲ್ಲಿ ‘ನನ್ನನ್ನು ಕೇಳದೆ ಕೊಡಬೇಡ’ ಎಂಬ ಗುರುತು ಹಾಕಿಟ್ಟಿದ್ದರು. ಅದರಿಂದ ಹುಡುಗ ಉಳಿದ.

ಅಷ್ಟರಲ್ಲಿ ಸಿಗ್ನೆ ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ಹೇಗಿತ್ತೋ ಏನೋ, ಅವಳ ಕೈ ತಾನಾಗಿ ಸೊಂಟದ ಪಂಪಿಗೆ ಹೋಯಿತು.

“ಅಮ್ಮ, ನಂದು?” ಅಂದಳು.

ಅವಳದು ಸರಿಯಿತ್ತು. ಏಕೆ ಸರಿಯಿತ್ತು ಗೊತ್ತೇ? ಹದಿಮೂರು ವರ್ಷದ ಹುಡುಗಿ ದೊಡ್ಡಸ್ತಿಕೆಗೆ ಫೋನನ್ನು ಇಂಗ್ಲಿಷಿನಲ್ಲಿ ಇಟ್ಟುಕೊಂಡಿದ್ದಳು. ಆ ದೊಡ್ಡಸ್ತಿಕೆಗಾಗಿ ನಾನು ಎಷ್ಟು ಸಲ ಬೈದಿರಲಿಲ್ಲ? ನನ್ನ ಮಗಳನ್ನು ಉಳಿಸಿದ್ದು ನನ್ನ ಜಾಣತನವಲ್ಲ, ಅವಳ ಜಂಬ.

ಲಿಂಕನ್ನು ಕಿತ್ತುಹಾಕಿದೆ. ಅದನ್ನು ತಮ್ಮ ಫೋನಿಗೆ ಇಳಿಸಿಕೊಂಡವರ ಪಟ್ಟಿಯಲ್ಲಿ ಯುಟ್ಟೆಯದೂ ಸೇರಿ ಹನ್ನೊಂದು ಹೆಸರುಗಳಿದ್ದವು. ಪ್ರೆಬೆನ್ ಅವರಿಗೆ ಫೋನು ಮಾಡಿ ಅಳುತ್ತಲೇ ವಿಷಯ ಹೇಳಿದೆ. ಅವರು ಹೇಳಿದ್ದು ಇಷ್ಟೇ:

“ಅಳೋಕೆ ಸಂಜೆ ಟೈಮಿದೆ, ವಿಬೆಕೆ. ಈಗ ಹೆಸರು ಓದು. ನಿಧಾನಕ್ಕೆ.”

ಓದಿದೆ. ಐದು ನಾನು, ಆರು ಅವರು ಹಂಚಿಕೊಂಡೆವು. ಒಬ್ಬರು ಚರ್ಚಿನಲ್ಲಿದ್ದರು. ಒಬ್ಬರು ಹಂದಿಗಳಿಗೆ ಮೇವು ಹಾಕುತ್ತಿದ್ದರು. ಒಬ್ಬರ ಹೆಂಡತಿ, ಅವನಿನ್ನೂ ಮಲಗಿದಾನೆ ಅಂದರು. ಎಬ್ಬಿಸಿ ಎಂದು ನಾನು ಕಿರುಚಿದೆ. ಅವರು ಹೋಗಿ ಎಬ್ಬಿಸಿ ಬರುವವರೆಗೆ ಫೋನಿನಲ್ಲಿ ಕೇಳಿಸಿದ ಮೌನವನ್ನು ನಾನು ಈಗಲೂ ಕೆಲವು ಸಲ ಕೇಳುತ್ತೇನೆ. ಅವನು ಎದ್ದ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹತ್ತು ಜನ ಸಿಕ್ಕಿದರು. ಹತ್ತೂ ಜನ ಕ್ಷೇಮ.

ಸಿಗದೆ ಉಳಿದ ಹೆಸರು ‘ನೀರುಕಾಗೆ’.

ನೀರುಕಾಗೆ ಯಾರು? ಯಾರಿಗೂ ಗೊತ್ತಿರಲಿಲ್ಲ. ಐದು ವರ್ಷದಲ್ಲಿ ನಾಲ್ಕೇ ಸಲ ಬರೆದವನು. ವಿಳಾಸವಿಲ್ಲ, ಫೋನ್ ನಂಬರಿಲ್ಲ, ಕಳಿಸಿದ ಸಂದೇಶಕ್ಕೆ ಉತ್ತರವಿಲ್ಲ. ವೇದಿಕೆಯಲ್ಲಿ ಕೂಗು ಹಾಕಿದೆ. ಆಗ ನೀವು ಮಾಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅಂಟಿನ ವಿಷಯಕ್ಕೆ ವರ್ಷಗಟ್ಟಲೆ ಮಾತು ಬಿಟ್ಟವರು ಒಟ್ಟಿಗೆ ಕುಳಿತು ಅವನ ನಾಲ್ಕೂ ಬರಹಗಳನ್ನು ಅಕ್ಷರ ಅಕ್ಷರವಾಗಿ ಜಾಲಾಡಿದಿರಿ. ಪೋಲಿಷ್ ಲಿಂಕು ಹಾಕಿದವನು ಅವನೇ. ಒಮ್ಮೆ, ಒದ್ದೆ ಕೈಯಲ್ಲಿ ಫೋನಿನ ಗುಂಡಿ ಒತ್ತಲಾಗುವುದಿಲ್ಲ, ಕೇಳದೆಯೇ ಕೊಡುವಂತೆ ಇಡುವುದು ಹೇಗೆ ಎಂದಿದ್ದ. ಹೇಗೆಂದು ಹೇಳಿಕೊಟ್ಟವಳು ನಾನೇ. ಇನ್ನೊಮ್ಮೆ, ಬ್ಯಾಟರಿ ಬೇಕೆಂದರೆ ಮಂಗಳವಾರ, ಶುಕ್ರವಾರದ ದೋಣಿಗೆ ಕಾಯಬೇಕು ಎಂದು ಗೊಣಗಿದ್ದ.

ಆ ಎರಡೇ ದಿನ ಚಳಿಗಾಲದ ದೋಣಿ ಹೋಗುವ ದ್ವೀಪ ಒಂದೇ ಒಂದು ಎಂದು ಕಂಡುಹಿಡಿದದ್ದು ಯುಟ್ಟೆ. ದ್ವೀಪದ ಹೆಸರು ಇಲ್ಲಿ ಬೇಡ. ನೂರೈವತ್ತು ಜನರ ಊರು, ಹೆಸರು ಹೇಳಿದರೆ ಮನುಷ್ಯನನ್ನೇ ತೋರಿಸಿದಂತೆ. ಅಲ್ಲಿನ ಏಕೈಕ ದಿನಸಿ ಅಂಗಡಿಗೆ ಫೋನು ಮಾಡಿದೆ. ಅಂಗಡಿಯಾಕೆಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ.

“ಸಕ್ಕರೆ ಕಾಯಿಲೆ, ಯಾವಾಗ್ಲೂ ಫೋನ್ ನೋಡ್ತಾ ಇರೋನು ಅಂದ್ರೆ ಎಸ್ಬೆನ್. ಬೆಳಿಗ್ಗೆನೇ ಬಲೆ ಎತ್ತೋಕೆ ಹೋದ. ಊಟದ ಹೊತ್ತಿಗೆ ಬಂದ್ಬಿಡ್ತಾನೆ ಬಿಡಮ್ಮ.”

“ದೋಣೀಲಿ ಜೊತೆಗೆ ಯಾರಿದಾರೆ?” ಎಂದೆ.

“ಯಾರೂ ಇಲ್ಲ. ಅವನಿಗೆ ಜನ ಆಗಲ್ಲ.”

ವಿಷಯ ಹೇಳಿದೆ. ಆಕೆ ಮತ್ತೇನೂ ಕೇಳಲಿಲ್ಲ. ಫೋನು ಗಲ್ಲಾಪೆಟ್ಟಿಗೆಯ ಮೇಲೆ ಬಿದ್ದ ಸದ್ದು, ಬಾಗಿಲ ಗಂಟೆ, ಓಡುವ ಹೆಜ್ಜೆ. ನಾನು ಕರಾವಳಿ ರಕ್ಷಣೆಯವರಿಗೆ ತಿಳಿಸಿದೆ. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಕೆಲಸವಿದ್ದಾಗ ಭಯಕ್ಕೆ ಕೈಕಾಲುಗಳಿರುತ್ತವೆ. ಕೆಲಸ ಮುಗಿದ ಮೇಲೆ ಅದು ಸುಮ್ಮನೆ ಎದೆಯ ಮೇಲೆ ಬಂದು ಕೂರುತ್ತದೆ. ಸಿಗ್ನೆ ಪಕ್ಕದಲ್ಲಿ ಕುಳಿತು ನನ್ನ ಕೈ ಹಿಡಿದಳು.

ಎರಡೂ ಇಪ್ಪತ್ತಕ್ಕೆ ಅಂಗಡಿಯಾಕೆ ಫೋನು ಮಾಡಿದರು. ಅವರ ಮೈದುನ ವೇಗದ ದೋಣಿಯಲ್ಲಿ ಹೋದಾಗ ಎಸ್ಬೆನ್‌ನ ದೋಣಿ ನೀರಿನಲ್ಲಿ ಒಂದೇ ಕಡೆ ಸುತ್ತುತ್ತಿತ್ತಂತೆ. ಅವನು ಬಲೆಯ ಮೇಲೆ ಕವುಚಿ ಬಿದ್ದಿದ್ದ. ಉಸಿರಿತ್ತು. ಮೊದಲು ಪಂಪನ್ನು ಕಿತ್ತರು. ಅಂಗಡಿಯಾಕೆ ಕೊಟ್ಟು ಕಳಿಸಿದ್ದ ಜೇನನ್ನು ಕೆನ್ನೆಯ ಒಳಗೆ ಉಜ್ಜಿದರು. ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯಿತು. ಮೂರನೆಯ ದಿನ ಅವನಿಗೆ ತನ್ನ ಹೆಸರು ಹೇಳಲು ಬಂತು.

ವಸಂತದಲ್ಲಿ ಶುಕ್ರವಾರದ ದೋಣಿ ಹತ್ತಿ ನೋಡಲು ಹೋದೆ. ಕ್ಷಮೆಯ ಮಾತುಗಳನ್ನು ಬಾಯಿಪಾಠ ಮಾಡಿದ್ದೆ. ಅವನು ಹೇಳಗೊಡಲಿಲ್ಲ. ಕಾಫಿ ಬಗ್ಗಿಸಿದ, ರೈ ರೊಟ್ಟಿ, ಹೊಗೆಯಾಡಿಸಿದ ಮೀನು ಇಟ್ಟ, ಬ್ಯಾಟರಿಯ ಬಗ್ಗೆ ಒಂದು ಗಂಟೆ ಮಾತಾಡಿದ. ದೋಣಿಯ ಹೊತ್ತಾದಾಗ, ನೆಲ ನೋಡುತ್ತ ಹೇಳಿದ:

“ನಂಗೀಗ ಒಬ್ನೇ ನೀರಿಗೆ ಇಳಿಯೋಕೆ ಭಯ. ದೋಣಿ ಮಾರ್ತೀನಿ. ಊರಲ್ಲಿ ಯಾರಿಗೂ ಹೇಳಿಲ್ಲ. ನಿಂಗೆ ಹೇಳ್ಬೋದು ಅನ್ನಿಸ್ತು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇಷ್ಟು ನಿಮಗೆ ಅರ್ಧಕ್ಕರ್ಧ ಗೊತ್ತಿದ್ದದ್ದೇ. ಮಾನಪತ್ರದಲ್ಲಿ ‘ಹನ್ನೊಂದೂ ಜನರನ್ನು ಹುಡುಕಿ ಉಳಿಸಿದಳು’ ಎಂದಿದೆ. ಇಲ್ಲಿ ಮುಗಿಸಿದರೆ ಪ್ರೆಬೆನ್ ಅವರ ಗಡಿಯಾರಕ್ಕೂ ಸಮಾಧಾನ. ಆದರೆ ಅವರೊಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಹೇಳದ ಒಂದು ಮಾತು ಉಳಿದಿದೆ. ವೇದಿಕೆಗೆ ಪ್ರೋಗ್ರಾಂ ಬರೆಯುವ ಈ ಕೆಲಸವನ್ನು ನಾನು ಇಂದು ಬಿಡುತ್ತಿರುವುದು ವಯಸ್ಸಿನ ಕಾರಣಕ್ಕಲ್ಲ, ಆ ಮಾತಿನ ಕಾರಣಕ್ಕೆ.

ಪಟ್ಟಿಯಲ್ಲಿ ಹೆಸರುಗಳು ಹನ್ನೊಂದು. ಎಷ್ಟು ಸಲ ಇಳಿಸಿಕೊಂಡಿದ್ದಾರೆ ಎಂಬ ಮೇಲಿನ ಎಣಿಕೆ ಮಾತ್ರ ಹನ್ನೆರಡು ಎನ್ನುತ್ತಿತ್ತು. ಹೆಸರು ನೋಂದಾಯಿಸದೆಯೂ ಇಳಿಸಿಕೊಳ್ಳಬಹುದಾಗಿದ್ದ ಕಾಲ ಅದು. ಲಿಂಕನ್ನು ಕಿತ್ತಾಗ ಎಣಿಕೆಯೂ ಅಳಿಸಿಹೋಯಿತು. ನೋಡಿದವಳು ನಾನೊಬ್ಬಳೇ.

ಎರಡು ತಿಂಗಳ ನಂತರ ಪ್ರೆಬೆನ್ ಅವರಿಗೆ ಹೇಳಿದೆ. “ಅದು ನೀನೇ ಇರ್ಬೋದು ಕಣೆ. ಲಿಂಕ್ ಸರಿಯಿದೆಯಾ ಅಂತ ವರ್ಕ್‌ಶಾಪಿನ ಕಂಪ್ಯೂಟರಲ್ಲಿ ಒಂದ್ಸಲ ಒತ್ತಿರ್ತೀಯ,” ಎಂದರು. ಇರಬಹುದು. ನಾನು ಅಂಥವಳೇ, ಎಲ್ಲವನ್ನೂ ಎರಡು ಸಲ ನೋಡುವವಳು. ಆದರೆ ಒತ್ತಿದ ನೆನಪಿಲ್ಲ. ಆ ಶನಿವಾರ ವರ್ಕ್‌ಶಾಪಿಗೆ ಹೋಗಿದ್ದೆನೇ? ಕೀಲಿ ತೆಗೆದಿದ್ದೆನೇ? ದಿನವೂ ನೆನಪಿಸಿಕೊಳ್ಳುತ್ತೇನೆ. ಒಂದು ದಿನ ಹೋಗಿದ್ದೆ ಎನಿಸುತ್ತದೆ. ಮರುದಿನ, ಅದು ನಾನು ಕಟ್ಟಿಕೊಂಡ ನೆನಪು ಎನಿಸುತ್ತದೆ. ಬೆಳಿಗ್ಗೆ ಪತ್ರಿಕೆಯಲ್ಲಿ ಮೊದಲು ಓದುವುದು ಮರಣವಾರ್ತೆ, ಸತ್ತವರ ಸ್ಮರಣೆಯ ಪ್ರಕಟಣೆ. ವಯಸ್ಸು ಕಡಿಮೆಯಿದ್ದು ಕಾರಣ ಬರೆದಿರದಿದ್ದರೆ, ಆ ನವೆಂಬರ್ ಎಂದಿದ್ದರೆ, ಪುಟ ತಿರುಗಿಸಲು ಕೈ ಬರುವುದಿಲ್ಲ.

ಈ ಭಾಷಣವನ್ನು ವೇದಿಕೆಯಲ್ಲಿ ಹಾಕುತ್ತಾರಂತೆ. ಅದಕ್ಕಾಗಿಯೇ ಈ ಸನ್ಮಾನಕ್ಕೆ ಒಪ್ಪಿಕೊಂಡೆ. ಹೆಸರು ಹೇಳದೆ ಹಿಂದಿನ ಸಾಲಿನಲ್ಲಿ ನಿಂತು ನಮ್ಮ ಜಗಳಗಳನ್ನು ಓದಿ ಹೋಗುತ್ತಿದ್ದವರೇ, ಆ ಶನಿವಾರ ಇಳಿಸಿಕೊಂಡದ್ದು ನೀವಾಗಿದ್ದರೆ, ಒಂದು ಸಾಲು ಬರೆಯಿರಿ. ಬೈಗುಳವಾದರೂ ಆಗಬಹುದು. ಹೆಸರೂ ಬೇಡ. ಬರೆಯುವ ಕೈಯೊಂದು ಇದೆ ಎಂದು ಗೊತ್ತಾದರೆ ಸಾಕು.

ಇಷ್ಟು ಹೊತ್ತು ಕೆಮ್ಮದೆ ಕೇಳಿದ ನಿಮಗೆ, ಹುಡುಕಿದ ನಿಮಗೆ, ಅಂಗಡಿಯಾಕೆಗೆ, ಅವರ ಜೇನಿಗೆ ನಾನು ಋಣಿ. ನಮಸ್ಕಾರ.